ಮಗು ಒಂದು ಕಾಲು ಆಡಿಸದಿದ್ದರೆ

 

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಪತ್ರಿಕೆಗೆ ಲೇಖನ ಕೊಡುತ್ತೇನೆ ಎಂದಾಗ ಜಿಎಸ್‌ಟಿ ಬಗ್ಗೆಯೋ ಬ್ಯಾಂಕ್ ಸಾಲದ ಬಗ್ಗೆಯೋ ಇರುತ್ತದೆ ಎಂದು ನಮ್ಮ ಕ್ಲಾಸಿನವರು ಅಂದುಕೊಂಡರು. ಆದರೆ ನಾನು ಬರೆಯುತ್ತಿರುವುದು ಹಸುಗೂಸುಗಳ ಮೂಳೆಗೆ ಮತ್ತು ಕೀಲಿಗೆ ತಗಲುವ ಸೋಂಕಿನ ಬಗ್ಗೆ. ಇದು ಸೈನ್ಸ್ ವಿಭಾಗದವರು ಬರೆಯಬೇಕಾದ ವಿಷಯ ಎಂದು ನನಗೂ ಗೊತ್ತು. ಆದರೆ ಕಳೆದ ವರ್ಷ ಈ ಕಾಯಿಲೆ ನಮ್ಮ ಮನೆಗೇ ಬಂತು, ಮತ್ತು ಅದರಲ್ಲಿ ನನ್ನದೂ ಒಂದು ತಪ್ಪಿದೆ. ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆಮೇಲೆ ಓದಿದ್ದನ್ನೂ ಸೇರಿಸಿ ಬರೆದಿದ್ದೇನೆ. ಬಯಾಲಜಿ ಮೇಡಂ ಓದಿ ತಿದ್ದಿಕೊಟ್ಟಿದ್ದಾರೆ.

ನಮ್ಮ ಮನೆಯಲ್ಲಿ ನಡೆದದ್ದು

ನನ್ನ ಆಪಾಳನ್ನು, ಅಂದರೆ ಅಕ್ಕನನ್ನು, ಕುಣಿಗಲ್‌ಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತುಮಕೂರಿಗೆ, ಅಮ್ಮಿಯ ಮನೆಗೆ ಬಂದಿದ್ದಳು. ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆ ಆಯಿತು. ಹೆಣ್ಣು ಮಗು, ತೂಕ ಕಡಿಮೆ. 12 ದಿನ ಆಸ್ಪತ್ರೆಯ ಐಸಿಯುನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ನನ್ನ ಹೆಬ್ಬೆರಳಿನಷ್ಟು ದಪ್ಪದ ಕೈಗೆ ಡ್ರಿಪ್ ಸೂಜಿ ಹಾಕಿದ್ದರು. 13ನೇ ದಿನ ಮಗು ಮನೆಗೆ ಬಂದಾಗ ಎಲ್ಲರಿಗೂ ಕಷ್ಟ ಮುಗಿಯಿತು ಅನ್ನಿಸಿತು. ಏಳನೇ ದಿನ ಮಾಡಬೇಕಿದ್ದ ಅಖೀಖಾವನ್ನು 21ನೇ ದಿನಕ್ಕೆ ಇಟ್ಟುಕೊಂಡೆವು. ಕುಣಿಗಲ್‌ನಿಂದ ಬೀಗರು, ಗುಬ್ಬಿಯಿಂದ ಖಾಲಾ ಬರುವುದು ಎಂದು ನಿರ್ಧಾರವಾಯಿತು.

18ನೇ ದಿನ ಸಂಜೆ ಬಟ್ಟೆ ಬದಲಿಸುವಾಗ ಮಗು ಕಿಟಾರನೆ ಕಿರುಚಿತು. ಆಪಾ ನೋಡಿ, "ಬಚ್ಚಿ ಸೀದಾ ಪಾಂವ್ ನೈ ಹಿಲಾರಿ" ಅಂದಳು. ಮಗು ಬಲಗಾಲು ಆಡಿಸುತ್ತಿಲ್ಲ ಎಂದು. ನಾನಿ ನೋಡಿ ನರ ಹತ್ತಿಕೊಂಡಿದೆ ಎಂದರು, ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿದರು. ಪಕ್ಕದ ಮನೆಯವರು ಇಂಜೆಕ್ಷನ್ ನೋವು ಇರಬೇಕು ಅಂದರು. ರಾತ್ರಿ ಮೆಣಸಿನಕಾಯಿ, ಉಪ್ಪು ನೀವಾಳಿಸಿ ನಜರ್ ಕೂಡ ತೆಗೆದಾಯಿತು. ಯಾರೂ ಅಸಡ್ಡೆ ಮಾಡಲಿಲ್ಲ. ಎಲ್ಲರೂ ತಮಗೆ ಗೊತ್ತಿದ್ದನ್ನು ಪ್ರೀತಿಯಿಂದಲೇ ಮಾಡಿದರು.

ಮರುದಿನ ಮಗು ಹಾಲು ಕುಡಿಯುವುದು ಕಡಿಮೆ ಆಯಿತು. ಆಪಾ ಚಿಲ್ಲಾದಲ್ಲಿದ್ದಳು, 40 ದಿನ ಹೊರಗೆ ಹೋಗುವ ಹಾಗಿಲ್ಲ. ಅಮ್ಮಿ ಮತ್ತು ನಾನು ಮಗುವನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಮ್ಮಿಗೆ ಕನ್ನಡ ಬರುತ್ತದೆ, ಆದರೆ ಡಾಕ್ಟರ ಮುಂದೆ ತಡವರಿಸುತ್ತಾರೆ. ಬ್ಯಾಂಕು, ರೇಷನ್ ಅಂಗಡಿ, ಆಸ್ಪತ್ರೆ, ಎಲ್ಲ ಕಡೆ ನಮ್ಮ ಮನೆಯ ಪರವಾಗಿ ಮಾತಾಡುವುದು ನಾನೇ. ಹೊರಡುವಾಗ ಆಪಾ "ಕಾಲಿನ ವಿಷಯ ಹೇಳು" ಎಂದಿದ್ದಳು.

ಡಾಕ್ಟರು ಏನು ತೊಂದರೆ ಎಂದು ಕೇಳಿದರು. "ತುಂಬಾ ಅಳುತ್ತೆ ಸರ್, ಹಾಲು ಸರಿಯಾಗಿ ಕುಡೀತಿಲ್ಲ" ಎಂದೆ. ಜ್ವರ ನೋಡಿದರು, ಇರಲಿಲ್ಲ. ಮಗು ಬಟ್ಟೆಯಲ್ಲಿ ಸುತ್ತಿಕೊಂಡೇ ಇತ್ತು. ಹೊಟ್ಟೆಯಲ್ಲಿ ಗ್ಯಾಸ್ ಇರಬಹುದು ಎಂದು ಡ್ರಾಪ್ಸ್ ಬರೆದುಕೊಟ್ಟರು. ಕಾಲಿನ ವಿಷಯ ನಾನು ಹೇಳಲಿಲ್ಲ. ನರ ಹತ್ತಿಕೊಂಡಿದೆ ಎಂದರೆ ಡಾಕ್ಟರು ನಗುತ್ತಾರೇನೋ ಅನ್ನಿಸಿತು. ಹೊರಗೆ ತುಂಬಾ ಜನ ಕಾಯುತ್ತಿದ್ದರು. ಇವೆರಡೇ ಕಾರಣ, ಬೇರೆ ಕಾರಣ ಇರಲಿಲ್ಲ.

20ನೇ ದಿನ ಸಂಜೆ ಗುಬ್ಬಿ ಖಾಲಾ ಬಂದರು. ಅವರು ನರ್ಸ್ ಆಗಿ ಕೆಲಸ ಮಾಡಿದವರು. ಕೈ ತೊಳೆದುಕೊಂಡು ಬಂದು, ಮಗುವನ್ನು ಅಂಗಾತ ಮಲಗಿಸಿ ಬಟ್ಟೆ ಪೂರ್ತಿ ಬಿಚ್ಚಿದರು. ಎಡ ಅಂಗಾಲಿಗೆ ಕಚಗುಳಿ ಇಟ್ಟಾಗ ಕಾಲು ಎಳೆದುಕೊಂಡಿತು. ಬಲ ಅಂಗಾಲಿಗೆ ಇಟ್ಟಾಗ ಕಾಲು ಹಾಗೇ ಬಿದ್ದಿತ್ತು, ಮಗು ಮಾತ್ರ ಮುಖ ಕಿವುಚಿ ಅತ್ತಿತು. ಬಲತೊಡೆ ಎಡದ್ದಕ್ಕಿಂತ ದಪ್ಪ ಕಾಣುತ್ತಿತ್ತು. ಖಾಲಾ ಬುರ್ಖಾ ಕೂಡ ತೆಗೆದಿರಲಿಲ್ಲ, "ಈಗಲೇ ಹೊರಡಿ" ಎಂದರು. ಅಖೀಖಾಕ್ಕೆ ಬಾಡಿಗೆಗೆ ತಂದ ದೇಗ್‌ಚಿಗಳು ಅಂಗಳದಲ್ಲಿದ್ದವು. ಅವನ್ನು ದಾಟಿಕೊಂಡೇ ಆಟೋ ಹತ್ತಿದೆವು.

ತುಮಕೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಸೊಂಟದ ಕೀಲಿನಲ್ಲಿ ಕೀವು ತುಂಬಿದೆ ಎಂದರು. ಅದೇ ರಾತ್ರಿ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದರು. 21ನೇ ದಿನ ಬೆಳಿಗ್ಗೆ ಅಖೀಖಾ ಆಗಬೇಕಿದ್ದ ಹೊತ್ತಿಗೆ ಮಗು ಆಪರೇಷನ್ ಥಿಯೇಟರಿನಲ್ಲಿತ್ತು.

ಇದು ಯಾವ ಕಾಯಿಲೆ?

ಹುಟ್ಟಿದ ಮೊದಲ 28 ದಿನದ ಮಗುವನ್ನು ನವಜಾತ ಶಿಶು ಎನ್ನುತ್ತಾರೆ. ಈ ವಯಸ್ಸಿನಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಮೂಳೆಯಲ್ಲಿ ನೆಲೆಸಿದರೆ ಅದು ಆಸ್ಟಿಯೋಮೈಲೈಟಿಸ್, ಅಂದರೆ ಮೂಳೆಯ ಸೋಂಕು. ಕೀಲಿನೊಳಗೆ ಕೀವು ಮಾಡಿದರೆ ಸೆಪ್ಟಿಕ್ ಆರ್ಥ್ರೈಟಿಸ್, ಅಂದರೆ ಕೀಲಿನ ಸೋಂಕು. ಹಸುಗೂಸುಗಳಲ್ಲಿ ಇವೆರಡೂ ಹೆಚ್ಚಾಗಿ ಜೊತೆಗೇ ಇರುತ್ತವೆ. ಸೊಂಟ ಮತ್ತು ಮೊಣಕಾಲಿನ ಕೀಲುಗಳಿಗೆ ಜಾಸ್ತಿ ಬರುತ್ತದೆ, ಭುಜಕ್ಕೂ ಬರಬಹುದು. ಒಂದೇ ಮಗುವಿಗೆ ಒಂದಕ್ಕಿಂತ ಹೆಚ್ಚು ಕಡೆಯೂ ಬರಬಹುದು.

ಎಲ್ಲ ಮಕ್ಕಳಿಗೂ ಬರುವ ಕಾಯಿಲೆ ಇದಲ್ಲ, ಅಪರೂಪವೇ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ, ಐಸಿಯುನಲ್ಲಿ ಇದ್ದು ಬಂದ ಮಕ್ಕಳಿಗೆ ಅಪಾಯ ಹೆಚ್ಚು. ತಾಯಿಯಿಂದ ಮಗುವಿಗೆ ರೋಗನಿರೋಧಕ ಅಂಶಗಳು ಹೆಚ್ಚಾಗಿ ಹರಿದು ಬರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ಪಾಲು ಪೂರ್ತಿ ಸಿಕ್ಕಿರುವುದಿಲ್ಲ. ಜೀವ ಉಳಿಸಲು ಹಾಕುವ ಡ್ರಿಪ್ ಸೂಜಿ, ಹೊಕ್ಕುಳಿನ ನಳಿಕೆ ಕೂಡ ಕೆಲವೊಮ್ಮೆ ಬ್ಯಾಕ್ಟೀರಿಯಾ ಒಳಗೆ ಬರಲು ದಾರಿಯಾಗುತ್ತವೆ. ಅವನ್ನು ಹಾಕದಿದ್ದರೆ ಮಗು ಉಳಿಯುತ್ತಲೇ ಇರಲಿಲ್ಲ, ಆದ್ದರಿಂದ ಅದನ್ನು ದೂರಿ ಪ್ರಯೋಜನವಿಲ್ಲ. ಅಂಥ ಮಗು ಮನೆಗೆ ಬಂದ ಮೇಲೆ ಕಣ್ಣಿಟ್ಟು ನೋಡಬೇಕು ಎಂಬುದೇ ಮುಖ್ಯ.

ಹೆಚ್ಚಾಗಿ ಕಾರಣವಾಗುವ ಬ್ಯಾಕ್ಟೀರಿಯಾದ ಹೆಸರು ಸ್ಟಾಫಿಲೋಕಾಕಸ್ ಆರಿಯಸ್. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಸರ್ಜನ್ 1880ರಲ್ಲಿ ಹುಣ್ಣಿನ ಕೀವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ದುಂಡನೆಯ ಜೀವಿಗಳು ಗೊಂಚಲಾಗಿ ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗೆ ಇರುವ ಪದದಿಂದ ಆ ಹೆಸರು ಬಂತು. ಇದು ನಮ್ಮ ನಿಮ್ಮ ಚರ್ಮದ ಮೇಲೆ, ಮೂಗಿನೊಳಗೆ ಸುಮ್ಮನೆ ಇರಬಲ್ಲ ಬ್ಯಾಕ್ಟೀರಿಯಾ. ನಮಗೆ ಏನೂ ಆಗದಿರಬಹುದು, ಹಸುಗೂಸಿಗೆ ಆಗಬಹುದು.

ಹಸುಗೂಸಿನಲ್ಲಿ ಯಾಕೆ ಇಷ್ಟು ಬೇಗ ಹರಡುತ್ತದೆ?

ಉದ್ದ ಮೂಳೆಗಳು ಬೆಳೆಯುವುದು ತುದಿಯ ಹತ್ತಿರ. ಅಲ್ಲಿ ಗ್ರೋತ್ ಪ್ಲೇಟ್ ಎಂಬ ತೆಳುವಾದ ಪದರ ಇರುತ್ತದೆ. ಅದರ ಪಕ್ಕದಲ್ಲಿ ರಕ್ತನಾಳಗಳು ಸುತ್ತಿ ಬಳಸಿ ಹೋಗುವುದರಿಂದ ರಕ್ತದ ಓಟ ನಿಧಾನ. ಹೊಳೆಯ ತಿರುವಿನಲ್ಲಿ ಕಸ ನಿಲ್ಲುವ ಹಾಗೆ ಬ್ಯಾಕ್ಟೀರಿಯಾ ಅಲ್ಲಿ ನಿಲ್ಲುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಲ್ಲಿ ಈ ಗ್ರೋತ್ ಪ್ಲೇಟ್ ಗೋಡೆಯ ಹಾಗೆ ಸೋಂಕನ್ನು ತಡೆಯುತ್ತದೆ. ಆದರೆ ಸುಮಾರು ಒಂದು, ಒಂದೂವರೆ ವರ್ಷದವರೆಗೆ ಈ ಗೋಡೆಯನ್ನು ದಾಟಿ ಹೋಗುವ ಸಣ್ಣ ರಕ್ತನಾಳಗಳು ಇರುತ್ತವೆ. ಸೋಂಕು ಅವುಗಳ ಮೂಲಕ ಮೂಳೆಯ ತುದಿಗೆ, ಅಲ್ಲಿಂದ ಕೀಲಿಗೆ ನುಗ್ಗುತ್ತದೆ. ಸೊಂಟ, ಭುಜದಂಥ ಕಡೆ ಮೂಳೆಯ ಈ ಭಾಗವೇ ಕೀಲಿನ ಚೀಲದ ಒಳಗಿರುವುದರಿಂದ ಕೀವು ಒಡೆದರೆ ನೇರ ಕೀಲಿಗೇ ಬೀಳುತ್ತದೆ.

ಕೀಲಿನೊಳಗೆ ಕೀವು ತುಂಬಿದರೆ ಎರಡು ರೀತಿಯ ನಷ್ಟ ಆಗುತ್ತದೆ. ಒಂದು, ಕೀವಿನಲ್ಲಿರುವ ಕಿಣ್ವಗಳು ಕೀಲಿನ ಮೃದ್ವಸ್ಥಿಯನ್ನು, ಅಂದರೆ ಕಾರ್ಟಿಲೇಜನ್ನು ತಿನ್ನುತ್ತವೆ. ಹಸುಗೂಸಿನ ತೊಡೆಮೂಳೆಯ ಮೇಲ್ತುದಿಯ ಗುಂಡು ಪೂರ್ತಿ ಕಾರ್ಟಿಲೇಜೇ ಆಗಿರುತ್ತದೆ, ಅದಿನ್ನೂ ಗಟ್ಟಿ ಮೂಳೆ ಆಗಿರುವುದಿಲ್ಲ. ಎರಡು, ಒಳಗಿನ ಒತ್ತಡದಿಂದ ಆ ಗುಂಡಿಗೆ ರಕ್ತ ಹೋಗುವುದು ನಿಲ್ಲಬಹುದು. ತಡವಾದರೆ ಗುಂಡು ಹಾಳಾಗಬಹುದು, ಕೀಲು ಜಾರಬಹುದು, ಗ್ರೋತ್ ಪ್ಲೇಟ್ ಕೆಟ್ಟು ಒಂದು ಕಾಲು ಗಿಡ್ಡ ಆಗಬಹುದು. ಆದ್ದರಿಂದಲೇ ಡಾಕ್ಟರುಗಳು ಇದರಲ್ಲಿ ಗಂಟೆಗಳ ಲೆಕ್ಕ ಹಾಕುತ್ತಾರೆ.

ಈ ಕಾಯಿಲೆ ಹೊಸದಲ್ಲ. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಸರ್ಜನ್ ಥಾಮಸ್ ಸ್ಮಿತ್ 1874ರಲ್ಲೇ ಹಸುಗೂಸುಗಳ ಕೀಲಿನ ಸೋಂಕಿನ ಬಗ್ಗೆ ಬರೆದಿದ್ದರು. ಇಂದಿಗೂ ಸೊಂಟದ ಗುಂಡು ಹಾಳಾದ ಸ್ಥಿತಿಯನ್ನು ಟಾಮ್ ಸ್ಮಿತ್ ಆರ್ಥ್ರೈಟಿಸ್ ಎಂದು ಕರೆಯುತ್ತಾರೆ. ಅವರ ಕಾಲದಲ್ಲಿ ಆಂಟಿಬಯೋಟಿಕ್ ಇರಲಿಲ್ಲ. ನಮ್ಮ ಕಾಲದಲ್ಲಿ ಔಷಧಿ ಇದೆ, ಸ್ಕ್ಯಾನ್ ಇದೆ. ಮಗುವನ್ನು ಸಮಯಕ್ಕೆ ಅಲ್ಲಿಗೆ ತಲುಪಿಸುವುದು ನಮ್ಮ ಕೈಯಲ್ಲಿದೆ.

ಜ್ವರ ಇಲ್ಲ ಅಂದರೆ ಸೋಂಕಿಲ್ಲ ಅಂತಲ್ಲ

ದೊಡ್ಡವರಿಗೆ ಕೀವಾದರೆ ಚಳಿ ಜ್ವರ ಬರುತ್ತದೆ. ನವಜಾತ ಶಿಶುವಿನ ದೇಹಕ್ಕೆ ಹಾಗೆ ಎದುರಾಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎಷ್ಟೋ ಮಕ್ಕಳಿಗೆ ಜ್ವರವೇ ಬರುವುದಿಲ್ಲ, ಕೆಲವರ ಮೈ ತಣ್ಣಗೂ ಆಗಬಹುದು. ಹಾಲು ಕುಡಿಯುವುದು ಕಡಿಮೆಯಾಗುವುದು, ಮಂಕಾಗುವುದು, ಸುಮ್ಮನೆ ಕಿರಿಕಿರಿ ಮಾಡುವುದು ಇಷ್ಟೇ ಇರಬಹುದು.

ಮುಖ್ಯವಾದ ಗುರುತು ಒಂದಿದೆ. ಮೊದಲು ಚೆನ್ನಾಗಿ ಆಡಿಸುತ್ತಿದ್ದ ಕೈ ಅಥವಾ ಕಾಲನ್ನು ಮಗು ಆಡಿಸುವುದನ್ನು ನಿಲ್ಲಿಸುತ್ತದೆ. ಲಕ್ವ ಹೊಡೆದ ಹಾಗೆ ಕಾಣುತ್ತದೆ, ಆದರೆ ಲಕ್ವ ಅಲ್ಲ. ನೋವಿಗೆ ಹೆದರಿ ಮಗು ಅದನ್ನು ಅಲುಗಿಸದೆ ಇಟ್ಟುಕೊಂಡಿರುತ್ತದೆ. ಬಟ್ಟೆ ಬದಲಿಸುವಾಗ, ಸ್ನಾನ ಮಾಡಿಸುವಾಗ, ಎತ್ತಿಕೊಳ್ಳುವಾಗ ಕಿರುಚುತ್ತದೆ. ಸೊಂಟದ ಕೀಲಾದರೆ ಕಾಲನ್ನು ಸ್ವಲ್ಪ ಮಡಚಿ ಹೊರಕ್ಕೆ ತಿರುಗಿಸಿ ಇಟ್ಟಿರುತ್ತದೆ, ಯಾಕೆಂದರೆ ಹಾಗಿಟ್ಟರೆ ಒಳಗಿನ ಒತ್ತಡ ಕಡಿಮೆ. ತೊಡೆಯ ಮೇಲಿನ ನೆರಿಗೆಗಳು ಎರಡೂ ಕಡೆ ಒಂದೇ ರೀತಿ ಇರುವುದಿಲ್ಲ. ಊತ ಇರಬಹುದು, ಆದರೆ ಸೊಂಟದ ಕೀಲು ಆಳದಲ್ಲಿರುವುದರಿಂದ ಕಾಣದೆಯೂ ಇರಬಹುದು.

ನಮ್ಮ ಮನೆಯಲ್ಲಿ ಅಂದುಕೊಂಡ ಕಾರಣಗಳನ್ನೂ ನೋಡೋಣ. ಲಸಿಕೆ ನೋವು ಎಂದರು. ಹುಟ್ಟಿದಾಗ ತೊಡೆಗೆ ಹಾಕುವುದು ಹೆಪಟೈಟಿಸ್ ಬಿ ಲಸಿಕೆ. ಆಮೇಲಿನ ಲಸಿಕೆಗಳು ಆರು ವಾರಕ್ಕೆ. ಹುಟ್ಟಿದಾಗ ಹಾಕಿದ ಲಸಿಕೆಯ ನೋವು 18ನೇ ದಿನ ಶುರುವಾಗುವುದಿಲ್ಲ. ಹೆರಿಗೆಯಲ್ಲಿ ಪೆಟ್ಟಾಗಿರಬೇಕು ಎಂದು ಕೆಲವರು ಹೇಳಿದರು. ಹೆರಿಗೆಯ ಪೆಟ್ಟಾದರೆ ಸಾಮಾನ್ಯವಾಗಿ ಹುಟ್ಟಿದ ದಿನದಿಂದಲೇ ಆ ಕೈಕಾಲು ಆಡುವುದಿಲ್ಲ. ಆಡುತ್ತಿದ್ದದ್ದು ನಿಂತರೆ ಸೋಂಕಿನ ಬಗ್ಗೆ ಯೋಚಿಸಬೇಕು. ನರ ಹತ್ತಿಕೊಂಡಿದೆ ಎಂದು ಕೀವು ತುಂಬಿದ ಕಾಲನ್ನು ತಿಕ್ಕಿದರೆ ಮಗುವಿಗೆ ನೋವು ಹೆಚ್ಚುತ್ತದೆ, ನಮಗೆ ಒಂದು ದಿನ ಹೋಗುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ರಕ್ತ ಪರೀಕ್ಷೆ ಮಾಡುತ್ತಾರೆ. ಎಕ್ಸ್‌ರೇ ತೆಗೆಯುತ್ತಾರೆ, ಆದರೆ ಮೂಳೆಯ ಬದಲಾವಣೆ ಎಕ್ಸ್‌ರೇಯಲ್ಲಿ ಕಾಣಲು 7ರಿಂದ 10 ದಿನವಾದರೂ ಬೇಕು. ಮೊದಲ ಎಕ್ಸ್‌ರೇ ಸರಿ ಇದೆ ಎಂದ ಮಾತ್ರಕ್ಕೆ ಮಗು ಸರಿ ಇದೆ ಎಂದಲ್ಲ. ಕೀಲಿನಲ್ಲಿ ನೀರು ಅಥವಾ ಕೀವು ಸೇರಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಬೇಗ ಗೊತ್ತಾಗುತ್ತದೆ. ಬೇಕಾದರೆ ಎಂಆರ್‌ಐ ಮಾಡುತ್ತಾರೆ.

ಸೂಜಿಯಿಂದ ಕೀಲಿನ ದ್ರವ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ಎಂದು ಅಲ್ಲಿ ಗೊತ್ತಾಗುತ್ತದೆ. ಆಸ್ಪತ್ರೆಗಳಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯ ಔಷಧಿ ನಾಟುವುದಿಲ್ಲ, ಅದಕ್ಕೇ ಈ ಪರೀಕ್ಷೆ ಬೇಕು. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಸಿರಪ್ ಕೊಟ್ಟು ನೋಡೋಣ ಎಂಬುದು ಬೇಡವೇ ಬೇಡ. ಅದರಿಂದ ಕಾಯಿಲೆ ಹೋಗುವುದಿಲ್ಲ, ಲ್ಯಾಬಿನಲ್ಲಿ ಗುರುತು ಸಿಗುವುದೂ ಕಷ್ಟವಾಗುತ್ತದೆ.

ಸೊಂಟದ ಕೀಲಾದರೆ ಸಾಮಾನ್ಯವಾಗಿ ಆಪರೇಷನ್ ಮಾಡಿ ಕೀವು ತೊಳೆದು ತೆಗೆಯುತ್ತಾರೆ. ಆಮೇಲೆ ಹಲವು ವಾರ ಆಂಟಿಬಯೋಟಿಕ್ ಕೊಡುತ್ತಾರೆ, ಶುರುವಿನಲ್ಲಿ ರಕ್ತನಾಳದ ಮೂಲಕ. ಕೀಲು ಜಾರದಂತೆ ಪಟ್ಟಿ ಕಟ್ಟುತ್ತಾರೆ. ಮಗು ಅಳುವುದು ನಿಲ್ಲಿಸಿತು ಎಂದು ಔಷಧಿಯನ್ನು ಮಧ್ಯದಲ್ಲಿ ಬಿಡಬಾರದು. ಗ್ರೋತ್ ಪ್ಲೇಟಿಗೆ ಆದ ನಷ್ಟ ಮಗು ಬೆಳೆಯುತ್ತಾ ಹೋದಂತೆ ಕಾಣುವುದರಿಂದ ವರ್ಷಗಟ್ಟಲೆ ತೋರಿಸುತ್ತಿರಬೇಕು.

ಖರ್ಚಿಗೆ ಹೆದರಿ ತಡ ಮಾಡುವವರೂ ಇದ್ದಾರೆ. ಕೇಂದ್ರ ಸರ್ಕಾರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ಪರೀಕ್ಷೆ, ಕರೆದೊಯ್ಯುವ ವಾಹನ ಎಲ್ಲ ಉಚಿತ. ಆಂಬುಲೆನ್ಸ್‌ಗೆ 108, ಸಲಹೆಗೆ 104. ಜಿಲ್ಲಾ ಆಸ್ಪತ್ರೆಗಳಲ್ಲಿ ಕಾಯಿಲೆ ಇರುವ ನವಜಾತ ಶಿಶುಗಳಿಗೆ ಬೇರೆ ಘಟಕವೇ ಇರುತ್ತದೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್‌ನಿಂದ 40ರೊಳಗೆ. ನಮಗೆ ದೂರ ತೊಂದರೆ ಮಾಡಲಿಲ್ಲ. 18ನೇ ದಿನದಿಂದ 20ನೇ ದಿನದವರೆಗೆ ನಾವು ಮನೆಯಲ್ಲೇ ಕೂತಿದ್ದೆವು.

ಚಿಲ್ಲಾ 40 ದಿನ, ಆಶಾ 42 ದಿನ

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಎಂಬ ನಿಯಮವಿದೆ. ನಮ್ಮ ಮನೆಗಳ ಚಿಲ್ಲಾ 40 ದಿನ. ಲೆಕ್ಕ ನೋಡಿದರೆ ಎರಡೂ ಒಂದೇ. ಈ ದಿನಗಳಲ್ಲಿ ತಾಯಿ ಮಗುವಿಗೆ ಹೆಚ್ಚು ಕಾಳಜಿ ಬೇಕು ಎಂದು ನಮ್ಮ ಹಿರಿಯರಿಗೂ ಗೊತ್ತಿತ್ತು. ಆದ್ದರಿಂದ ಚಿಲ್ಲಾ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಚಿಲ್ಲಾ ಇರುವುದು ವಿಶ್ರಾಂತಿಗಾಗಿ, ಮಗುವಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಹೋಗದೆ ಇರಲು ಅಲ್ಲ. ಆಪಾ ಅಂದು ನಮ್ಮ ಜೊತೆ ಬಂದಿದ್ದರೆ ಕಾಲಿನ ಮಾತನ್ನು ಅವಳೇ ಹೇಳುತ್ತಿದ್ದಳು. ಆಶಾ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆದು, ಮಗುವಿನ ಬಟ್ಟೆ ಬಿಚ್ಚಿ ತೋರಿಸಿ.

ತಡೆಯಲು ನಾವು ಮಾಡಬಹುದಾದದ್ದೂ ಇದೆ. ನಮ್ಮ ಮನೆಯಲ್ಲಿ ದಿನಕ್ಕೆ ಐದು ಸಲ ವುಜೂ ಮಾಡುತ್ತಾರೆ, ಆದರೆ ಮಗುವನ್ನು ಎತ್ತುವ ಮೊದಲು ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ ಯಾರಿಗೂ ಇರಲಿಲ್ಲ. ಈಗ ತೊಟ್ಟಿಲ ಪಕ್ಕದಲ್ಲೇ ಸೋಪು ನೀರು ಇರುತ್ತದೆ. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಿಶಿನ ಏನೂ ಹಚ್ಚಬಾರದು, ಒಣಗಿದಂತೆ ಬಿಡಬೇಕು. ತಾಯಿಯ ಹಾಲೇ ಕೊಡಬೇಕು. ಬೇಗ ಹುಟ್ಟಿದ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟುಕೊಳ್ಳುವುದರಿಂದ ಸೋಂಕು ಕಡಿಮೆಯಾಗುತ್ತದೆ. ನೋಡಲು ಬಂದವರೆಲ್ಲ ಎತ್ತಿ ಮುದ್ದಾಡುವುದನ್ನು ಸ್ವಲ್ಪ ದಿನ ಮುಂದೆ ಹಾಕಬಹುದು. ದಿನಕ್ಕೆ ಒಂದು ಸಲ ಮಗುವನ್ನು ಬಟ್ಟೆಯಿಲ್ಲದೆ ಬೆಚ್ಚಗಿನ ಜಾಗದಲ್ಲಿ ಮಲಗಿಸಿ ಎರಡು ಕೈ, ಎರಡು ಕಾಲು ಒಂದೇ ರೀತಿ ಆಡುತ್ತಿವೆಯೇ ಎಂದು ನೋಡಿ. ಎರಡು ನಿಮಿಷದ ಕೆಲಸ.

ಕೊನೆಯದಾಗಿ

ಅಕೌಂಟೆನ್ಸಿಯಲ್ಲಿ ಎರರ್ ಆಫ್ ಒಮಿಷನ್ ಎಂಬ ಪಾಠ ಓದಿದ್ದೇವೆ. ಒಂದು ವ್ಯವಹಾರವನ್ನು ಪೂರ್ತಿ ಬರೆಯದೇ ಬಿಟ್ಟರೆ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಬರುತ್ತದೆ, ತಪ್ಪು ಕಾಣುವುದಿಲ್ಲ. ಅಂದು ಕ್ಲಿನಿಕ್ಕಿನಲ್ಲಿ ನಾನು ಮಾಡಿದ್ದು ಅದೇ. ಡಾಕ್ಟರಿಗೆ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಒಂದು ಮಾತು ಬಿಟ್ಟುಹೋಗಿತ್ತು. ನಮ್ಮ ಕಾಲೇಜಿನಲ್ಲಿ ಎಷ್ಟೋ ಜನ ಮನೆಯಲ್ಲಿ ಉರ್ದು ಮಾತಾಡಿ ಹೊರಗೆ ಕನ್ನಡದಲ್ಲಿ ಮನೆಯ ಕೆಲಸ ನಡೆಸುವವರು. ತಾಯಿ ಕಾರ್ಡ್ ಓದಿ ಹೇಳುವುದೂ ನಾವೇ, ಡಾಕ್ಟರ ಮುಂದೆ ಮಾತಾಡುವುದೂ ನಾವೇ. ಯಾವ ಮಾತು ಮುಖ್ಯ, ಯಾವುದು ಅಲ್ಲ ಎಂದು ನಾವು ತೀರ್ಮಾನಿಸಬಾರದು. ತಾಯಿ ಹೇಳಿದ್ದನ್ನೆಲ್ಲ ಹೇಳಬೇಕು.

ಈಗ ನಮ್ಮ ಮಗುವಿಗೆ 15 ತಿಂಗಳು. ಸೊಂಟದ ಹತ್ತಿರ ಹೊಲಿಗೆಯ ಗುರುತಿದೆ. ಗೋಡೆ ಹಿಡಿದುಕೊಂಡು ನಡೆಯುತ್ತಾಳೆ, ನನ್ನನ್ನು ಕಂಡರೆ "ಕಾಲಾ, ಕಾಲಾ" ಎಂದು ಕೈ ಚಾಚುತ್ತಾಳೆ. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಕಾಲಿನ ಅಳತೆ ತೆಗೆಸುತ್ತೇವೆ. ಎರಡೂ ಕಾಲು ಸಮ ಬೆಳೆಯುತ್ತವೆಯೇ ಎಂದು ಕೇಳಿದರೆ ಡಾಕ್ಟರು "ಕಾದು ನೋಡಬೇಕು" ಎನ್ನುತ್ತಾರೆ.

ಕಾಲಿನ ಮಾತನ್ನು ನಾನು ಹೇಳಿರಲಿಲ್ಲ ಎಂದು ಆಪಾಗೆ ತಿಳಿಸಲು ನನಗೆ ಎರಡು ತಿಂಗಳು ಬೇಕಾಯಿತು. ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ತೋ ಅಬ್ ಸಬ್ ಕೂ ಬೋಲ್" ಎಂದಳು. ಹಾಗಾದರೆ ಈಗ ಎಲ್ಲರಿಗೂ ಹೇಳು ಎಂದು. ಅದಕ್ಕೇ ಇದನ್ನು ಬರೆದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಸುಗೂಸಿದ್ದರೆ ಇವತ್ತೇ ಅವರಿಗೆ ಇದನ್ನು ಓದಿ ಹೇಳಿ, ಉರ್ದುವಿನಲ್ಲಿ ಬೇಕಾದರೆ ಉರ್ದುವಿನಲ್ಲಿ. ನಮ್ಮ ಮಗುವಿಗಾಗಿ ದುವಾ ಮಾಡಿ.